ಸೊಂಟ ಅಂದರೆ ಎಲ್ಲಿ?

ಮೊದಲೇ ಹೇಳಿಬಿಡುತ್ತೇನೆ, ಈ ಕಾಯಿಲೆ ನನಗೆ ತಾಳ್ಮೆ ಕಲಿಸಲಿಲ್ಲ. ಕಾಯಿಲೆ ಬಿದ್ದವರು ಬರೆದದ್ದನ್ನು ನಾನೂ ಹುಡುಕಿ ಹುಡುಕಿ ಓದಿದೆ. ಎಲ್ಲರಿಗೂ ಕೊನೆಯಲ್ಲಿ ಏನೋ ಒಂದು ಬೆಳಕು ಕಂಡಿರುತ್ತದೆ. ನನಗೆ ಕಂಡದ್ದು ಎಕ್ಸ್‌ರೇ ತೋರಿಸುವ ಕಂಪ್ಯೂಟರ್ ಪರದೆಯ ಬೆಳಕು ಮಾತ್ರ. ಎಲ್ಲೋ ಒಂದು ವೇಟಿಂಗ್ ರೂಮಿನಲ್ಲಿ ಎಡಕ್ಕೂ ಕೂರಲಾಗದೆ ಬಲಕ್ಕೂ ಕೂರಲಾಗದೆ, ನನ್ನ ಹಾಗೆಯೇ ಹಲ್ಲು ಕಡಿಯುತ್ತಾ ಇನ್ನೊಬ್ಬಳು ಕಾಯುತ್ತಿರಬಹುದು. ಅವಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಬರಲಿ ಬಿಡಮ್ಮ, ಅದೇನೂ ಪಾಪವಲ್ಲ.

ನಾನು ಹಾಕಿ ಗೋಲ್‌ಕೀಪರ್. 'ಆಗಿದ್ದೆ' ಎಂದು ಬರೆಯಬೇಕು, ಕೈ ಬರುತ್ತಿಲ್ಲ. ಧಾರವಾಡದಲ್ಲಿ ಕಾಲೇಜು ಓದುವಾಗ ಗೋಲಿನಲ್ಲಿ ನಿಲ್ಲಲು ಬೇರೆ ಯಾರೂ ಒಪ್ಪಲಿಲ್ಲವೆಂದು ನನ್ನನ್ನು ನಿಲ್ಲಿಸಿದರು. ಅಲ್ಲಿಂದ ಫಾರ್ಮಸಿಯಲ್ಲಿ ಮಾಸ್ಟರ್ಸ್ ಮಾಡಲು ಇಂಗ್ಲೆಂಡಿಗೆ ಹೋದೆ. ಓದು ಮುಗಿದ ಮೇಲೆ ಕೆಲಸಕ್ಕೆ ಸೇರಿ ಅಲ್ಲಿಯೇ ಕೆಲವು ವರ್ಷ ಉಳಿದೆ. ಉಳಿದದ್ದು ಕೆಲಸಕ್ಕಾಗಿ ಎಂದು ಅಪ್ಪ ಅಮ್ಮನಿಗೆ ಹೇಳಿದ್ದೆ. ನಿಜವಾಗಿ ಉಳಿದದ್ದು ಹಾಕಿಗಾಗಿ. ಅಲ್ಲಿನ ನ್ಯಾಷನಲ್ ಲೀಗ್‌ನಲ್ಲಿ, ಅದರ ಕೆಳಗಿನ ಮೆಟ್ಟಿಲಲ್ಲಿದ್ದ ಒಂದು ಕ್ಲಬ್ಬಿನ ಹೆಂಗಸರ ತಂಡಕ್ಕೆ ನಾನು ಕೀಪರ್ ಆಗಿದ್ದೆ.

ನ್ಯಾಷನಲ್ ಲೀಗ್ ಎಂದರೆ ಕೇಳುವವರಿಗೆ ಸ್ಟೇಡಿಯಂ, ಟಿವಿ ಎಲ್ಲ ಕಣ್ಣ ಮುಂದೆ ಬರುತ್ತದೆ. ನಮ್ಮ ಆಟ ನೋಡಲು ಬರುತ್ತಿದ್ದವರು ಆಟಗಾರ್ತಿಯರ ಅಮ್ಮಂದಿರು, ಗಂಡಂದಿರು, ಒಂದೆರಡು ನಾಯಿಗಳು. ಶನಿವಾರ ಬೆಳಗ್ಗೆ ಯಾರದೋ ಕಾರಿನ ಡಿಕ್ಕಿಯಲ್ಲಿ ನನ್ನ ಪ್ಯಾಡುಗಳ ದೊಡ್ಡ ಚೀಲ ತುರುಕಿ, ಸೀಟಿನಲ್ಲಿ ಕಾಲು ಮಡಚಿಕೊಂಡು ಗಂಟೆಗಟ್ಟಲೆ ಪ್ರಯಾಣ ಮಾಡಿ, ನೀರು ಹೊಡೆದ ಹಸಿರು ಟರ್ಫಿನ ಮೇಲೆ ಕೊರೆಯುವ ಚಳಿಯಲ್ಲಿ ನಿಲ್ಲುತ್ತಿದ್ದೆ. ಆಟವೆಲ್ಲ ಆ ಕಡೆಯ ಗೋಲಿನ ಹತ್ತಿರ ನಡೆಯುವಾಗ ಈ ಕಡೆ ನಾನು ಒಬ್ಬಳೇ. ಚೆಂಡು ಬಂದರೆ ಮಾತ್ರ ಒಂದು ಕಾಲನ್ನು ಸರ್ರನೆ ಪಕ್ಕಕ್ಕೆ ಚಾಚಿ, ಇನ್ನೊಂದನ್ನು ಮಡಚಿ, ನೆಲಕ್ಕೆ ಕುಸಿಯಬೇಕು. ಸಾವಿರಾರು ಸಲ ಕುಸಿದಿದ್ದೇನೆ. ತೊಡೆಸಂದು ಸದಾ ನೋಯುತ್ತಿತ್ತು. ಎಲ್ಲ ಕೀಪರ್‌ಗಳಿಗೂ ನೋಯುತ್ತಿತ್ತು. ಪಂದ್ಯ ಮುಗಿದ ಮೇಲೆ ಎರಡೂ ಕಡೆಯ ಕೀಪರ್‌ಗಳು ಕೈಕುಲುಕಿ ಮೊದಲು ಕೇಳುವುದೇ ಅದನ್ನು. ಒಂದೇ ಊರಿನ ಇಬ್ಬರು ಸಿಕ್ಕಾಗ, ಉಳಿದವರಿಗೆ ಅರ್ಥವಾಗದ ತಮ್ಮೂರ ಮಾತಾಡಿದ ಹಾಗಿರುತ್ತಿತ್ತು ಅದು.

ಮದುವೆಯಾಗಿ ನ್ಯೂಜೆರ್ಸಿಗೆ ಬಂದೆ. ಗಂಡ ಶ್ರೀನಾಥ್ ಮೈಸೂರಿನವನು, ಐಟಿಯಲ್ಲಿದ್ದಾನೆ. ನನಗೆ ಬ್ರಿಡ್ಜ್‌ವಾಟರ್‌ನ ಔಷಧ ಕಂಪನಿಯೊಂದರ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮನೆ ಮನ್ರೋದಲ್ಲಿ. ಇಲ್ಲಿ ಬಂದ ಮೇಲೂ ಒಂದು ವಾರಾಂತ್ಯದ ಕ್ಲಬ್ಬು ಹುಡುಕಿಕೊಂಡೆ. ಆದರೆ ಅಮೆರಿಕದಲ್ಲಿ 'ಹಾಕಿ' ಎಂದರೆ ಮಂಜುಗಡ್ಡೆಯ ಮೇಲೆ ಆಡುವುದು. ನಮ್ಮದಕ್ಕೆ 'ಫೀಲ್ಡ್ ಹಾಕಿ' ಎನ್ನಬೇಕು, ಅಂದರೂ ಅರ್ಧ ಜನಕ್ಕೆ ಕಿವಿಗೆ ಬೀಳುವುದು ಎರಡನೆಯ ಪದ ಮಾತ್ರ.

ನೋವು ಶುರುವಾದದ್ದು ಗೋಲಿನಲ್ಲಲ್ಲ, ಕಾರಿನಿಂದ ಇಳಿಯುವಾಗ. ಎಡಗಾಲು ಹೊರಗಿಡಲು ಹೋದರೆ ಒಳಗೆಲ್ಲೋ ಚಿವುಟಿದಂತಾಯಿತು. ಆಮೇಲೆ ಸಾಕ್ಸ್ ಹಾಕಿಕೊಳ್ಳುವುದು ಕಷ್ಟವಾಯಿತು. ದೇವಸ್ಥಾನದಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಲಾಗದೆ ಗೋಡೆಯ ಪಕ್ಕ ಅಜ್ಜಿಯರ ಕುರ್ಚಿಯಲ್ಲಿ ಕೂತೆ. ಆಗ ಮಗಳು ಇರಾ ಹೈಸ್ಕೂಲಿನಲ್ಲಿದ್ದಳು. ಪಾರ್ಕಿಂಗ್ ಲಾಟಿನಲ್ಲಿ ಹಿಂದಿನಿಂದ ನೋಡಿ, "ಅಮ್ಮಾ, ಯು ಆರ್ ವಾಕಿಂಗ್ ಫನ್ನಿ" ಎಂದಳು. ನಾನು ನೆಟ್ಟಗೆ ನಡೆದು ತೋರಿಸಿದೆ. ತೋರಿಸಿ ಕಾರಿನೊಳಗೆ ಕೂತೆ.

ಆ ವರ್ಷ ಯುಗಾದಿಗೆ ನಮ್ಮ ಬೀದಿಯ ಕನ್ನಡದ ಮನೆಯೊಂದರಲ್ಲಿ ಎಲ್ಲರೂ ಸೇರಿದ್ದೆವು. ಮೂರ್ತಿ ಅಂಕಲ್ ಬಂದಿದ್ದರು. ಅಂಕಲ್ ವುಡ್‌ಬ್ರಿಡ್ಜ್‌ನಲ್ಲಿ ಬಹಳ ವರ್ಷಗಳಿಂದ ಡಾಕ್ಟರು. ಇಲ್ಲಿನ ಕನ್ನಡದವರಲ್ಲಿ ಅರ್ಧ ಜನ ಅವರ ಪೇಷಂಟುಗಳು, ನಾವೂ ಸೇರಿ. ಪಾಪ, ಯಾವ ಮನೆಗೆ ಊಟಕ್ಕೆ ಹೋದರೂ ಅವರಿಗೆ ಅದು ಕ್ಲಿನಿಕ್ಕೇ. ಒಂದು ಕೈಯಲ್ಲಿ ತಟ್ಟೆ, ಎದುರಿಗೆ ಒಬ್ಬರಾದ ಮೇಲೊಬ್ಬರು. ಅವತ್ತು ನನ್ನ ಸರದಿಯೂ ಬಂತು.

"ಏನಮ್ಮ, ಕುಂಟ್ತಾ ಇದ್ದೀಯಲ್ಲ?"

"ಸೊಂಟ ನೋವು ಅಂಕಲ್. ಎಡಗಡೆ."

"ಹಿಂದಕ್ಕೆ ಎಳೆಯುತ್ತಾ?"

"ಒಂದೊಂದ್ಸಲ ಹಿಂದಕ್ಕೂ ಹೋಗುತ್ತೆ."

"ಲೋವರ್ ಬ್ಯಾಕು. ಈ ವಯಸ್ಸಲ್ಲಿ ಶುರು ಆಗುತ್ತೆ. ಸೋಮವಾರ ಬಾ, ನೋಡೋಣ," ಎಂದು ಹೋಳಿಗೆ ಮುರಿದರು.

ಇಡೀ ಕಥೆ ಇಷ್ಟೇ. ಒಂದು ಪದ. ಬೆನ್ನಿನ ಕೆಳಗಿನಿಂದ ಹಿಡಿದು ತೊಡೆಯ ಬುಡದವರೆಗೆ ಎಲ್ಲಿ ನೋವಾದರೂ ನಾವು ಹೇಳುವುದು ಸೊಂಟ. ಸೀರೆ ಸಿಕ್ಕಿಸುವ ಜಾಗವೂ ಸೊಂಟ, ಕೂಸನ್ನು ಕೂರಿಸಿಕೊಳ್ಳುವ ಜಾಗವೂ ಸೊಂಟ, ಮುದುಕರು ಬಗ್ಗಿಸಿಕೊಂಡು ನಡೆಯುವುದೂ ಸೊಂಟವೇ. ತೊಡೆಯ ಮೂಳೆ ಬಂದು ಕೂರುವ ಆ ಕೀಲಿಗೆಂದೇ ಒಂದು ಬಳಕೆಯ ಮಾತು ನನ್ನ ನಾಲಿಗೆಯ ಮೇಲೆ ಇರಲಿಲ್ಲ. ಅಂಕಲ್ ಕನ್ನಡದಲ್ಲಿ ಕೇಳಿದರು, ನಾನು ಕನ್ನಡದಲ್ಲಿ ಹೇಳಿದೆ, ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು, ಇಬ್ಬರಿಗೂ ಬೇರೆ ಬೇರೆ ಅರ್ಥವಾಯಿತು. ಇಂಗ್ಲಿಷ್ ಮಾತಾಡುವ ಡಾಕ್ಟರಾಗಿದ್ದರೆ ತಡಕಾಡಿ ತಡಕಾಡಿಯಾದರೂ ಸರಿಯಾದ ಜಾಗಕ್ಕೆ ಬರುತ್ತಿದ್ದೆವೇನೋ.

ಇನ್ನೊಂದು ಮಾತೂ ಇದೆ. ನಿಜವಾದ ನೋವಿದ್ದದ್ದು ಮುಂದುಗಡೆ, ತೊಡೆಸಂದಿನಲ್ಲಿ. ಹೋಳಿಗೆ ತಿನ್ನುತ್ತಿರುವ, ಅಪ್ಪನ ವಯಸ್ಸಿನ ಗಂಡಸಿನ ಮುಂದೆ ರೇಷ್ಮೆ ಸೀರೆ ಉಟ್ಟ ಹೆಂಗಸು ಅಲ್ಲಿ ಕೈಯಿಟ್ಟು ತೋರಿಸುವುದುಂಟೇ? ಕೈಯನ್ನು ಸೀರೆಯ ನೆರಿಗೆಯಿಂದ ಆದಷ್ಟು ದೂರ, ಹಿಂದಕ್ಕೆ ಇಟ್ಟು ತೋರಿಸಿದೆ. ಅಷ್ಟಕ್ಕೂ ತೊಡೆಸಂದಿನ ನೋವು ಎಲ್ಲ ಕೀಪರ್‌ಗಳಿಗೂ ಇದ್ದದ್ದೇ. ಇಂಗ್ಲೆಂಡಿನಲ್ಲಿ ಅದನ್ನು ಯಾರೂ ನೋವೆಂದು ಎಣಿಸುತ್ತಲೇ ಇರಲಿಲ್ಲ. ಹಾಗಾಗಿ ಸೋಮವಾರ ಕ್ಲಿನಿಕ್ಕಿನಲ್ಲೂ ಅದರ ಸುದ್ದಿ ಎತ್ತಲಿಲ್ಲ. ಅಂಕಲ್ ಮಂಡಿ ತಟ್ಟಿದರು, ಬೆನ್ನು ಒತ್ತಿದರು, ಬೆನ್ನಿನ ಡಾಕ್ಟರಿಗೆ ಬರೆದುಕೊಟ್ಟರು.

ಆಮೇಲಿನದು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ. ಅಂಕಲ್ 'ಬ್ಯಾಕ್' ಎಂದರು, ಬೆನ್ನಿನ ಡಾಕ್ಟರು ಬೆನ್ನಿನ ಎಮ್ಆರ್‌ಐ ಮಾಡಿಸಿದರು. ಡಿಸ್ಕ್ ಸ್ವಲ್ಪ ಉಬ್ಬಿದೆ ಎಂದು ಬಂತು. ನಲವತ್ತು ದಾಟಿದ ಯಾರ ಬೆನ್ನು ತೆಗೆದು ನೋಡಿದರೂ ಅಷ್ಟು ಸಿಕ್ಕೇ ಸಿಗುತ್ತದಂತೆ, ಅದು ನನಗೆ ಆಮೇಲೆ ತಿಳಿದದ್ದು. ನನಗೂ ಅದು ಬೆನ್ನೇ ಆಗಿಹೋಯಿತು. ಆಫೀಸಿನಲ್ಲಿ ಕೇಳಿದವರಿಗೆಲ್ಲ ನಾನೇ ನನ್ನ ಬಾಯಾರೆ 'ಬ್ಯಾಕ್ ಪೇನ್' ಎನ್ನುತ್ತಿದ್ದೆ.

ಧಾರವಾಡದಿಂದ ಅಮ್ಮ ಫೋನಿನಲ್ಲಿ ತನ್ನದೇ ತೀರ್ಪು ಕೊಟ್ಟಳು. "ನಡಾ ಹಿಡದಾವ ಅಂದ್ರ ಮತ್ತೇನಲ್ಲ. ಇರಾನ್ನ ಹಡಿಯೂ ಮುಂದ ಬೆನ್ನಿಗೆ ಸೂಜಿ ಹಾಕಿಸ್ಕೊಂಡಿ ನೋಡು, ಅದರದs ಇದು. ನಾ ಅವತ್ತs ಬ್ಯಾಡ ಅಂದಿದ್ದೆ."

"ಅವ್ವಾ, ಅದಾಗಿ ಎಷ್ಟು ವರ್ಷ ಆತು!"

"ವರ್ಷ ಆದ್ರ ಸೂಜಿ ಮರೀತದೇನು?"

ಇಲ್ಲಿನ ಆಂಟಿಯರೂ ಹೆರಿಗೆಯ ಆ ಸೂಜಿಯದೇ, ಎಪಿಡ್ಯೂರಲ್‌ದೇ ಕಾಟ ಎಂದು ತಲೆಯಾಡಿಸಿದರು. ಒಬ್ಬರು ಹರಳೆಣ್ಣೆ ಕೊಟ್ಟರು. ಇನ್ನೊಬ್ಬರು ಬೆಂಗಳೂರಿನಿಂದ ತರಿಸಿದ ಯಾವುದೋ ತೈಲ ಕೊಟ್ಟರು, ಅದರ ವಾಸನೆಗೆ ಇರಾ ನನ್ನ ಕಾರಿನಲ್ಲಿ ಕೂರುವುದನ್ನೇ ಬಿಟ್ಟಳು.

ಫಿಸಿಕಲ್ ಥೆರಪಿಯ ಹುಡುಗ ಬಹಳ ಒಳ್ಳೆಯವನು. ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂದು ಅಲ್ಲಿ ಗೊತ್ತಾಯಿತು. ಹಾಕಿ ಗೋಲ್‌ಕೀಪರ್ ಎಂದ ಕೂಡಲೇ ಅವನ ಮುಖ ಅರಳಿತು. ಅವನೂ ಚಿಕ್ಕಂದಿನಲ್ಲಿ ಆಡಿದವನಂತೆ. ಸ್ಕೇಟ್ಸ್ ಹೊಸದೇ ಹಳೆಯದೇ, ರಿಂಕ್ ಎಷ್ಟು ದೂರ ಎಂದೆಲ್ಲ ಕೇಳಿದ. ಸ್ಕೇಟ್ಸ್ ಇಲ್ಲ, ಹುಲ್ಲಿನ ಮೇಲೆ ಎಂದೆ. ಸ್ವಲ್ಪ ಹೊತ್ತು ಯೋಚಿಸಿ, "ಓ, ಅದು ಹೈಸ್ಕೂಲ್ ಹುಡುಗಿಯರ ಆಟ ಅಲ್ಲವೇ?" ಎಂದ. ನ್ಯಾಷನಲ್ ಲೀಗ್‌ನಲ್ಲಿ ಪೆನಾಲ್ಟಿ ಸ್ಟ್ರೋಕ್ ತಡೆದ ಕಾಲನ್ನು ರಬ್ಬರ್ ಪಟ್ಟಿಗೆ ಸಿಕ್ಕಿಸಿಕೊಂಡು, ಬೆನ್ನು ಗಟ್ಟಿಮಾಡುವ ವ್ಯಾಯಾಮವನ್ನು ನಾನು ಕಣ್ಣುಮುಚ್ಚಿ ಮಾಡಿದೆ. ಅದರಲ್ಲಿ ಮಂಡಿಯನ್ನು ಎದೆಗೆ ಎಳೆದುಕೊಳ್ಳುವುದೂ ಒಂದು. ಎಳೆದಾಗೆಲ್ಲ ಪ್ರಾಣ ಹೋದಂತಾಗುತ್ತಿತ್ತು. "ಗುಡ್, ಅದು ಲೂಸ್ ಆಗುತ್ತಿದೆ ಎಂದರ್ಥ," ಎನ್ನುತ್ತಿದ್ದ.

ಬೆನ್ನಿಗೆ ಇಂಜೆಕ್ಷನ್ ಆಯಿತು. ಗುಣವಾಗಲಿಲ್ಲ. ಇನ್ನೊಂದು ಆಯಿತು. ಡಾಕ್ಟರು, "ಹೇಗಿದೆ, ಬೆಟರ್?" ಎಂದು ಎಷ್ಟು ಆಸೆಯಿಂದ ಕೇಳಿದರೆಂದರೆ, ಅವರ ಮನಸ್ಸು ನೋಯಿಸಲಾರದೆ, "ಸ್ವಲ್ಪ" ಎಂದುಬಿಟ್ಟೆ. ಅದನ್ನೇ ನಂಬಿ ಅವರು ಇನ್ನಷ್ಟು ದಿನ ಕಾಯಲು ಹೇಳಿದರು.

ನನಗಿದ್ದದ್ದು ಒಂದೇ ಪ್ರಶ್ನೆ, ಮತ್ತೆ ಗೋಲಿನಲ್ಲಿ ನಿಲ್ಲುತ್ತೇನೋ ಇಲ್ಲವೋ. ನೋವು ಎಷ್ಟು ದಿನ, ಮಾತ್ರೆ ಎಷ್ಟು, ಅದೆಲ್ಲ ಆಮೇಲಿನದು. ಯಾವ ಡಾಕ್ಟರ ಬಳಿ ಹೋದರೂ ಕೊನೆಗೆ ಇದನ್ನೇ ಕೇಳುತ್ತಿದ್ದೆ. ಎಲ್ಲರೂ ನಕ್ಕು, ಮೊದಲು ನೋವು ಕಡಿಮೆಯಾಗಲಿ ಎನ್ನುತ್ತಿದ್ದರು. ಶ್ರೀನಾಥ್ ಒಂದು ದಿನ ತಡೆಯಲಾರದೆ ಅಂದ:

"ಬಿಟ್ಟುಬಿಡು ಮಾರಾಯ್ತಿ. ಈಗೇನು ಒಲಿಂಪಿಕ್ಸ್‌ಗೆ ಹೋಗ್ಬೇಕಾ ನೀನು?"

"ನೀನು ದಿನಾ ಬೆಳಗ್ಗೆ ಕಾಫಿ ಕುಡೀತೀಯಲ್ಲ, ಒಲಿಂಪಿಕ್ಸ್‌ಗೆ ಹೋಗೋಕೇನು?"

"ಕಾಫಿ ಕುಡಿದು ನಾನು ಕುಂಟ್ತಿಲ್ಲ."

ಆ ಜಗಳ ಎರಡು ದಿನ ನಡೆಯಿತು. ಆ ಎರಡೂ ದಿನ ಬೆಳಗ್ಗೆ ಅವನು ಮಾತಾಡದೆಯೇ ಮಂಡಿಯೂರಿ ಕೂತು ನನ್ನ ಎಡಗಾಲಿಗೆ ಸಾಕ್ಸ್ ಹಾಕಿದ. ನಾನೂ ಮಾತಾಡದೆ ಕಾಲು ಚಾಚಿದೆ. ಸಿಟ್ಟಿನ ನಡುವೆ ಹಾಗೆ ಸಾಕ್ಸ್ ಹಾಕಿಸಿಕೊಳ್ಳುವುದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ, ಅದಕ್ಕಿಂತ ದೊಡ್ಡ ಉಪಕಾರವೂ ಇಲ್ಲ.

ಮುಂದಿನ ಚಳಿಗಾಲ ಬರುವ ಹೊತ್ತಿಗೆ ಮೆಟ್ಟಿಲು ಹತ್ತುವಾಗ ಕಾಲನ್ನು ಕೈಯಿಂದ ಎತ್ತಿಡುತ್ತಿದ್ದೆ. ಕ್ಲಬ್ಬಿಗೆ ಹೋಗುವುದು ನಿಂತಿತ್ತು. ಆಗ ಇಂಗ್ಲೆಂಡಿನಿಂದ ಜೋ ವಿಡಿಯೋ ಕಾಲ್ ಮಾಡಿದಳು. ಜೋ ನನ್ನ ತಂಡದವಳಲ್ಲ, ಎದುರಾಳಿ ಕ್ಲಬ್ಬಿನ ಕೀಪರ್. ವರ್ಷಕ್ಕೆ ಎರಡು ಸಲ ಮೈದಾನದ ಆ ತುದಿಯಲ್ಲಿ ನಿಲ್ಲುತ್ತಿದ್ದವಳು. ಹತ್ತಿರ ಸಿಗುತ್ತಿದ್ದದ್ದು ಕೈಕುಲುಕುವಾಗ ಮತ್ತು ಆಮೇಲೆ ಕ್ಲಬ್‌ಹೌಸಿನಲ್ಲಿ, ಅವಳ ತಟ್ಟೆಯಲ್ಲಿ ಮಾಂಸದ ಸಾರು, ನನ್ನ ತಟ್ಟೆಯಲ್ಲಿ ಬೇಯಿಸಿದ ಆಲೂಗಡ್ಡೆಯ ಮೇಲೆ ಬೀನ್ಸ್ ಇದ್ದಾಗ. ಆದರೂ ಈ ಇಪ್ಪತ್ತು ವರ್ಷಗಳಲ್ಲಿ ಉಳಿದ ಸ್ನೇಹ ಅವಳದೊಂದೇ.

ಮಾತಿನ ನಡುವೆ ಜೋ, ತಾನು ಹೊಸ ಹಿಪ್, ಆ ತೊಡೆಯ ಕೀಲನ್ನೇ, ಹಾಕಿಸಿಕೊಂಡಿದ್ದೇನೆ ಎಂದಳು, ಹೊಸ ಪರದೆ ಹಾಕಿಸಿದೆ ಎಂಬಂತೆ. ನಾನು ನಕ್ಕೆ, ಅದೆಲ್ಲ ಮುದುಕಿಯರಿಗಲ್ಲವೇ ಎಂದೆ.

"ಮುದುಕಿಯರಿಗೆ ಮತ್ತು ಕೀಪರ್‌ಗಳಿಗೆ," ಎಂದಳು ಜೋ.

"ಎಲ್ಲಿ ನೋಯುತ್ತಿತ್ತು ನಿನಗೆ?"

ಅವಳು ಫೋನನ್ನು ಯಾವುದಕ್ಕೋ ಒರಗಿಸಿ ಎದ್ದು ನಿಂತಳು. ಹೆಬ್ಬೆರಳು ಹಿಂದಕ್ಕೆ, ಉಳಿದ ಬೆರಳುಗಳು ಮುಂದಕ್ಕೆ ತೊಡೆಸಂದಿನವರೆಗೆ, ಪಕ್ಕದಿಂದ ಗಪ್ಪನೆ ಹಿಡಿದು ತೋರಿಸಿದಳು. ಕೂಸನ್ನು ಎತ್ತಿಕೊಂಡಾಗ ಅದರ ಕಾಲನ್ನು ಹಿಡಿಯುವ ಹಾಗೆ.

ನನ್ನ ಕೈಯೂ ಅಲ್ಲೇ ಇತ್ತು. ಸ್ನಾನ ಮಾಡುವಾಗ, ಅಡುಗೆ ಮಾಡುವಾಗ, ಲಿಫ್ಟಿಗೆ ಕಾಯುವಾಗ ನನ್ನ ಎಡಗೈ ಹೋಗಿ ಹಿಡಿಯುತ್ತಿದ್ದದ್ದು ಅದೇ ಜಾಗವನ್ನು, ಹಾಗೆಯೇ. ವರ್ಷಕ್ಕೂ ಮೀರಿ ಕೈ ಸರಿಯಾಗಿ ಹೇಳುತ್ತಿತ್ತು, ಬಾಯಿ ಸೊಂಟ ಎನ್ನುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಎನ್ನುವುದನ್ನು ಇನ್ನೊಬ್ಬರಿಗೆ ಹೇಳಿ ನಕ್ಕವಳು ನಾನು. ಫೋನ್ ಇಟ್ಟ ಮೇಲೆ ಅಡುಗೆಮನೆಯಲ್ಲಿ ನಿಂತು ಅತ್ತೆ. ದುಃಖಕ್ಕಲ್ಲ. ಸಿಟ್ಟಿಗೆ.

ಹಿಪ್ ಸರ್ಜನ್‌ಳ ಅಪಾಯಿಂಟ್‌ಮೆಂಟ್ ಸಿಗಲು ಮತ್ತೆ ಕಾಯಬೇಕಾಯಿತು. ಆ ವೇಟಿಂಗ್ ರೂಮಿನಲ್ಲಿ ಕುರ್ಚಿಗಳೆಲ್ಲ ಎತ್ತರ, ಕೂತವರೆಲ್ಲ ಅಜ್ಜ ಅಜ್ಜಿಯರು. ಟಿವಿಯಲ್ಲಿ ಯಾರೋ ಚೆನ್ನಾಗಿದ್ದ ಅಡುಗೆಮನೆಯನ್ನು ಒಡೆದು ಹೊಸದು ಕಟ್ಟುತ್ತಿದ್ದರು. ಪಕ್ಕದಲ್ಲಿದ್ದ ಬಿಳಿಗೂದಲಿನ ಹೆಂಗಸು ನನ್ನನ್ನು ನೋಡಿ, "ಅಮ್ಮನನ್ನು ಕರೆದುಕೊಂಡು ಬಂದೆಯಾ?" ಎಂದಳು. ಇಲ್ಲ, ನನಗೇ ಎಂದೆ. ಅವಳು ಮರುಕ ತೋರಿಸಲಿಲ್ಲ, ವಯಸ್ಸು ಕೇಳಲಿಲ್ಲ. "ಯಾವ ಕಡೆ?" ಎಂದಳು. ಎಡ ಎಂದೆ. "ಬಚಾವಾದೆ. ಎಡಗಾಲಾದರೆ ಬೇಗ ಕಾರು ಓಡಿಸಬಹುದು, ಬ್ರೇಕಿಗೆ ಬೇಕಾದದ್ದು ಬಲಗಾಲು ತಾನೇ," ಎಂದಳು. ಅಷ್ಟು ತಿಂಗಳಲ್ಲಿ ನನಗೆ ಸಿಕ್ಕ ಮೊದಲ ಒಳ್ಳೆಯ ಸುದ್ದಿ ಅದು, ಕೊಟ್ಟವಳು ಡಾಕ್ಟರಲ್ಲ.

ಸರ್ಜನ್ ಕುಳ್ಳಗೆ ಚುರುಕಾಗಿದ್ದಳು. ಹಾಕಿ ಎಂದೆ. "ಫೀಲ್ಡೋ ಐಸೋ?" ಎಂದಳು. ಅಮೆರಿಕದಲ್ಲಿ ಹಾಗೆ ಕೇಳಿದ ಮೊದಲ ಡಾಕ್ಟರು. ಯಾವ ಜಾಗದಲ್ಲಿ ಆಡುತ್ತೀ ಎಂದಳು. ಗೋಲ್‌ಕೀಪರ್ ಎಂದಾಗ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದಳು. ಕಾಲು ಎತ್ತಿ ಒಳಕ್ಕೆ ತಿರುಗಿಸಿದಳು, ನಾನು ಮಂಚದ ಅಂಚನ್ನು ಬಿಗಿಯಾಗಿ ಹಿಡಿದೆ. ಎಕ್ಸ್‌ರೇ ತೆಗೆಸಿ ಪರದೆಯನ್ನು ನನ್ನತ್ತ ತಿರುಗಿಸಿದಳು. ಬಲಗಡೆ ಎರಡು ಮೂಳೆಗಳ ನಡುವೆ ಕಪ್ಪು ಗೆರೆಯೊಂದಿತ್ತು. ಎಡಗಡೆ ಆ ಗೆರೆ ಇರಲಿಲ್ಲ. ಮೂಳೆಗೆ ಮೂಳೆ ಉಜ್ಜುತ್ತಿತ್ತು. ವಿವರಣೆ ಬೇಕಾಗಲಿಲ್ಲ. ಕೀಲು ಬದಲಿಸಬೇಕು ಎಂದಳು.

"ಒಂದು ವರ್ಷ ಮೊದಲೇ ಬಂದಿದ್ದರೆ?" ಎಂದು ಕೇಳಿದೆ.

"ಸಣ್ಣ ಆಪರೇಷನ್ನಿನಲ್ಲಿ ಸರಿಹೋಗುತ್ತಿತ್ತೇನೋ. ಹೋಗುತ್ತಿರಲಿಲ್ಲವೇನೋ. ನನಗೆ ಗೊತ್ತಿಲ್ಲ."

'ಖಂಡಿತ ಸರಿಹೋಗುತ್ತಿತ್ತು' ಎಂದಿದ್ದರೆ ಯಾರ ಮೇಲಾದರೂ ಕೂಗಾಡಬಹುದಿತ್ತು. 'ಏನೂ ವ್ಯತ್ಯಾಸವಾಗುತ್ತಿರಲಿಲ್ಲ' ಎಂದಿದ್ದರೆ ಸುಮ್ಮನಾಗಬಹುದಿತ್ತು. ಗೊತ್ತಿಲ್ಲ ಎನ್ನುವ ಮಾತನ್ನು ಎಲ್ಲಿ ಇಟ್ಟುಕೊಳ್ಳುವುದು?

ಮೂರ್ತಿ ಅಂಕಲ್‌ಗೆ ನಾನೇ ಹೋಗಿ ಹೇಳಿದೆ. ಅವರು ಎಕ್ಸ್‌ರೇ ವರದಿ ಓದಿ ಕನ್ನಡಕ ತೆಗೆದಿಟ್ಟರು.

"ಅಲ್ಲಮ್ಮ, ನೀನು ಸೊಂಟ ಅಂದೆ."

"ಹೌದು ಅಂಕಲ್."

"ನಾನೂ ಸೊಂಟ ಅಂತಾನೇ ಕೇಳಿಸ್ಕೊಂಡೆ." ವರದಿಯನ್ನು ಮತ್ತೆ ಕೈಗೆತ್ತಿಕೊಂಡು, "ಎಲ್ಲಿ ಅಂತ ಕೇಳ್ಬೇಕಿತ್ತು. ನಮ್ಮ ಮನೆ ಮಗಳು ಕಣೇ ನೀನು. ಬೇರೆಯವರಾಗಿದ್ರೆ ಬೆರಳಿಟ್ಟು ತೋರಿಸಿ ಅಂತಿದ್ದೆ," ಎಂದರು.

ಅವರ ಧ್ವನಿ ಒಡೆಯಿತು. ಬೈಯಲೆಂದೇ ಹೋದವಳು ಅವರಿಗೆ ನೀರು ತಂದುಕೊಟ್ಟು ಬಂದೆ. ಕಾರಿನಲ್ಲಿ ಕೂತ ಮೇಲೆ ಸ್ಟಿಯರಿಂಗ್‌ಗೆ ಗುದ್ದಿದೆ.

ಆಪರೇಷನ್ ಬೆಳಗ್ಗೆ ಆಯಿತು, ಸಂಜೆ ಮನೆಗೆ ಕಳಿಸಿದರು. ಅಮ್ಮ ನಂಬಲೇ ಇಲ್ಲ. "ಕೀಲು ತಗದು ಹೊಸಾದು ಹಾಕಿ ಅವತ್ತs ಮನಿಗೆ ಅಟ್ಟತಾರಂತ! ಅದು ದವಾಖಾನಿ ಏನು, ಗ್ಯಾರೇಜ ಏನು?" ಎಂದಳು. ನರ್ಸ್ ಬಂದು, ಆಪರೇಷನ್ ಆದ ಕೆಲವೇ ಗಂಟೆಗಳಲ್ಲಿ ವಾಕರ್ ಹಿಡಿಸಿ ನಡೆಸಿದ್ದಳು. ಕಾಲ ಮೇಲೆ ಕಾಲು ಹಾಕಬಾರದು, ಬಗ್ಗಬಾರದು, ತಗ್ಗಿನ ಕುರ್ಚಿಯಲ್ಲಿ ಕೂರಬಾರದು. ಮೊದಲ ವಾರ ನನ್ನ ಪ್ರಪಂಚವೆಂದರೆ ಎತ್ತರಿಸಿದ ಕಮೋಡ್, ಐಸ್ ಚೀಲ, ಮತ್ತು ಶ್ರೀನಾಥ್ ಗಂಟು ಗಂಟಾಗಿ ಮಾಡಿದ ರಾಗಿ ಗಂಜಿ. ಎಲ್ಲರ ಮೇಲೂ ರೇಗುತ್ತಿದ್ದೆ. ಒಂದು ಮಧ್ಯಾಹ್ನ ಕೈಜಾರಿದ ಚಮಚ ಎತ್ತಿಕೊಳ್ಳಲಾಗದೆ ಬಾಯಿಗೆ ಬಂದಂತೆ ಬೈಯುತ್ತಿದ್ದಾಗ ಇರಾ ಮೇಲಿನಿಂದ ಇಳಿದು ಬಂದಳು. ಚಮಚ ಎತ್ತಿ ಕೊಟ್ಟಳು. ಹೋಗಲಿಲ್ಲ. ನನ್ನ ಪಕ್ಕ ನೆಲದ ಮೇಲೆ ಕೂತು, ಫೋನ್ ನೋಡುತ್ತಾ, "ಐ ವಾಸ್ ರಿಯಲಿ ಸ್ಕೇರ್ಡ್, ಓಕೆ?" ಎಂದಳು. ಏನಕ್ಕೆ ಎಂದು ಕೇಳಲು ಹೋದೆ. "ಡೋಂಟ್ ಮೇಕ್ ಇಟ್ ಎ ಥಿಂಗ್" ಎಂದಳು. ಮಾಡಲಿಲ್ಲ. ಅವಳ ತಲೆಯ ಮೇಲೆ ಕೈಯಿಟ್ಟೆ, ತಳ್ಳಲಿಲ್ಲ.

ನೋವು ಹೋಯಿತು. ಇದನ್ನು ಸ್ಪಷ್ಟವಾಗಿ ಹೇಳಬೇಕು, ಓದುತ್ತಿರುವವಳಿಗೆ ಭಯವಿದ್ದರೆ ಹೋಗಲಿ. ನಿಜಕ್ಕೂ ಹೋಯಿತು. ಈಗ ಬೆಟ್ಟ ಹತ್ತುತ್ತೇನೆ, ಈಜುತ್ತೇನೆ, ನನ್ನ ಸಾಕ್ಸ್ ನಾನೇ ಹಾಕಿಕೊಳ್ಳುತ್ತೇನೆ.

ಕೊನೆಯ ಚೆಕಪ್‌ನಲ್ಲಿ ಸರ್ಜನ್ ಬಹಳ ಖುಷಿಯಾಗಿದ್ದಳು. ಅವಳ ಖುಷಿ ಮುಗಿಯಲೆಂದು ಕಾದು ನನ್ನ ಹಳೆಯ ಪ್ರಶ್ನೆ ಕೇಳಿದೆ. ಅವಳು ನಗಲಿಲ್ಲ. ಓಡು, ಸ್ಟಿಕ್ ಹಿಡಿದು ಮಿಡ್‌ಫೀಲ್ಡಿನಲ್ಲಿ ಬೇಕಾದರೆ ಆಡು ಎಂದಳು. ಗೋಲಿನಲ್ಲಿ ಮಾತ್ರ ಬೇಡ. ಕಾಲು ಹಾಗೆ ಚಾಚಿ ಬಿದ್ದಾಗ ಹೊಸ ಕೀಲು ಒಂದೇ ಒಂದು ಸಲ ಜಾರಿದರೆ, ಎರಡನೆಯ ಆಪರೇಷನ್ ಮೊದಲಿನದರಂತೆ ಇರುವುದಿಲ್ಲ. "ನಾನು ನಿನ್ನನ್ನು ತಡೆಯಲಾರೆ. ನಾನಾಗಿದ್ದರೆ ನಿಲ್ಲುವುದಿಲ್ಲ."

ನಿಲ್ಲಬಹುದಿತ್ತು, ಚಾಚದೆ. ಬೀಳದೆ. ಆದರೆ ಬೀಳಲು ಹೆದರುವ ಕೀಪರ್ ಎಂದರೆ ಗೋಲಿನಲ್ಲಿ ಒಂದು ಕಂಬ ಹೆಚ್ಚಾದಂತೆ, ಅಷ್ಟೇ. ನನ್ನ ಮುಂದೆ ಆಡುವವರಿಗೆ ಆ ಮೋಸ ಮಾಡಲಾರೆ. ಮಿಡ್‌ಫೀಲ್ಡಿನಲ್ಲಿ ಆಡು ಎನ್ನುವುದು ವೀಣೆ ನುಡಿಸುವವಳಿಗೆ ತಬಲಾ ಇದೆಯಲ್ಲ ಎಂದ ಹಾಗೆ. ಆಗಲಿ ಎಂದು ತಲೆಯಾಡಿಸಿ ಎದ್ದು ಬಂದೆ. ಒಪ್ಪಿದ್ದು ತಲೆ ಮಾತ್ರ.

ಕಳೆದ ತಿಂಗಳು ಒಂದು ಶನಿವಾರ ನಮ್ಮ ಕ್ಲಬ್ಬಿನ ಪಂದ್ಯ ನೋಡಲು ಹೋದೆ. ಹತ್ತಿರದ ಹೈಸ್ಕೂಲಿನ ಟರ್ಫ್. ಗೋಲಿನಲ್ಲಿ ಮೇಗನ್ ಎಂಬ ಹೊಸ ಕೀಪರ್. ಅವಳ ಮುಂದೆ ಡಿಫೆಂಡರ್ ರೇಚಲ್. ರೇಚಲ್ ಎಷ್ಟೋ ವರ್ಷ ನನ್ನ ಮುಂದೆ ಆಡಿದವಳು. ನಾನು ಮಡಚುವ ಕುರ್ಚಿಯನ್ನು ಗೋಲಿನ ಕಂಬದ ಪಕ್ಕ, ಗೆರೆಯಿಂದ ಒಂದಿಷ್ಟು ಹಿಂದೆ ಹಾಕಿಕೊಂಡು ಕೂತೆ. ಆಟ ನನಗೆ ಗೊತ್ತಿರುವುದು ಅಲ್ಲಿಂದ ಮಾತ್ರ.

ಮೊದಲರ್ಧ ಚೆನ್ನಾಗಿ ಕಳೆಯಿತು. ಮೇಗನ್ ಒಳ್ಳೆಯ ಕೀಪರ್, ಅದೂ ಒಂದು ಹೊಟ್ಟೆಯುರಿ. ಆಮೇಲೆ ಎದುರಾಳಿಯೊಬ್ಬಳು ಹೊಡೆದ ಉದ್ದನೆಯ ಚೆಂಡು ಗೋಲಿನ ಮುಂದಿನ ನಮ್ಮ ಅರ್ಧವೃತ್ತದೊಳಕ್ಕೆ ಉರುಳಿ ಬಂತು. ಹಿಂದೆಯೇ ಅವರ ಫಾರ್ವರ್ಡ್ ಓಡಿ ಬರುತ್ತಿದ್ದಳು. ರೇಚಲ್ ಚೆಂಡಿನ ಹತ್ತಿರವೇ ಇದ್ದಳು, ಸ್ಟಿಕ್ ಚಾಚಿದರೆ ಆಚೆಗೆ ತಳ್ಳಬಹುದಿತ್ತು. ಮೇಗನ್ ಅದನ್ನು ನೋಡಿಯೇ ಗೆರೆಯ ಮೇಲೆ ನಿಂತಳು. ಸರಿಯಾಗಿಯೇ ನಿಂತಳು.

"ಕೀಪರ್!"

ಚೆಂಡು ನನ್ನದು, ನೀವು ಬಿಡಿ ಎಂದು ಗೋಲಿನಲ್ಲಿರುವವಳು ಕೂಗುವ ಕೂಗು ಅದು. ಹೊಟ್ಟೆಯ ಆಳದಿಂದ ಬರಬೇಕು, ಡಿಫೆಂಡರ್ ಯೋಚಿಸದೆ ಪಕ್ಕಕ್ಕೆ ಸರಿಯಬೇಕು. ರೇಚಲ್ ಯೋಚಿಸಲಿಲ್ಲ. ಆ ಕೂಗಿಗೆ ಎಷ್ಟೋ ವರ್ಷ ಸರಿದ ಹಾಗೆಯೇ ಸರಿದಳು. ಚೆಂಡು ಖಾಲಿ ಜಾಗದಲ್ಲಿ ಉರುಳುತ್ತಿತ್ತು. ಫಾರ್ವರ್ಡ್ ಬಂದು ಅದನ್ನು ಮೆಲ್ಲಗೆ ತಳ್ಳಿದಳು. ಚೆಂಡು ಗೋಲಿನ ಹಿಂದಿನ ಹಲಗೆಗೆ ಧಡ್ಡೆಂದು ಬಡಿಯಿತು.

ಕೂಗಿದವಳು ನಾನು ಎಂದು ನನಗೆ ಗೊತ್ತಾದದ್ದು ಆಗಲೇ. ಕುರ್ಚಿಯಿಂದ ಎದ್ದು ನಿಂತಿದ್ದೆ, ಎಡಗಾಲು ಅರ್ಧ ಚಾಚಿತ್ತು. ರೇಚಲ್ ಮೇಗನ್‌ಳನ್ನು ನೋಡಲಿಲ್ಲ, ತಿರುಗಿ ನನ್ನನ್ನು ನೋಡಿದಳು. ಅವಳ ಬಾಯಿ ತೆರೆದೇ ಇತ್ತು. ಎದುರು ತಂಡದವರು ಕುಣಿಯುತ್ತಾ ವಾಪಸ್ ಹೋಗುತ್ತಿದ್ದರು.

ಮೇಗನ್ ಹೆಲ್ಮೆಟ್ ಎತ್ತಿ ನನ್ನ ಕಡೆ ನಡೆದು ಬಂದಳು. ಮುಖ ಕೆಂಪಾಗಿತ್ತು. ಜಗಳವಾಡುತ್ತಾಳೆ ಎಂದುಕೊಂಡೆ, ಆಡಿದ್ದರೆ ಚೆನ್ನಾಗಿತ್ತು. ಅವಳು ತಗ್ಗಿದ ಧ್ವನಿಯಲ್ಲಿ, "ಅದನ್ನು ಕೂಗಬೇಕಾದವಳು ನಾನು," ಎಂದಳು.

"ಹೌದು," ಎಂದೆ. "ನೀನೇ."

ಅವಳು ಗೋಲಿಗೆ ಹೋದಳು. ನಾನು ಕುರ್ಚಿ ಮಡಚಿ ಕೈಯಲ್ಲಿ ಹಿಡಿದುಕೊಂಡು, ಗೆರೆಯ ಹೊರಗೆ ನಡೆಯುತ್ತಾ ಮೈದಾನದ ನಡುಭಾಗದವರೆಗೆ ಹೋದೆ. ಅಲ್ಲಿ ಅಪ್ಪಂದಿರು, ಗೆಳತಿಯರು, ಒಬ್ಬ ನಾಯಿ ಹಿಡಿದವನು ಕೂತಿದ್ದರು. ಅವರ ಪಕ್ಕ ಕುರ್ಚಿ ಹಾಕಿಕೊಂಡೆ. ಅಲ್ಲಿಂದ ಗೋಲು ಸರಿಯಾಗಿ ಕಾಣುವುದಿಲ್ಲ, ಯಾವ ಚೆಂಡು ಯಾವ ಕಾಲಿಗೆ ಬರುತ್ತದೆಂದು ತಿಳಿಯುವುದೂ ಇಲ್ಲ. ಎಲ್ಲರೂ ಅಲ್ಲಿಂದಲೇ ನೋಡುತ್ತಾರಂತೆ.